ಮನಸ್ಸಿನ ಮದ್ದು ಮತ್ತು ಮನೆಯವರ ಎಚ್ಚರ

ಜ್ವರದ ಗುಳಿಗೆಯನ್ನು ನಾವು ನಾಲ್ಕು ಜನರ ಎದುರಿಗೇ ನುಂಗುತ್ತೇವೆ. ಮನಸ್ಸಿನ ಕಾಯಿಲೆಯ ಗುಳಿಗೆಯನ್ನಾದರೋ ಅಕ್ಕಿಡಬ್ಬದ ಹಿಂದೆ ಅಡಗಿಸುತ್ತೇವೆ. ಈ ಮುಚ್ಚುಮರೆಯೇ ಅನೇಕ ವೇಳೆ ಅಪಾಯಕ್ಕೆ ದಾರಿ.

ಖಿನ್ನತೆಯೆಂದರೆ ಒಂದು ದಿನದ ಬೇಸರವಲ್ಲ. ವಾರಗಟ್ಟಲೆ ನಿದ್ರೆ, ಹಸಿವು, ಉತ್ಸಾಹಗಳನ್ನು ಕೆಡಿಸುವ ಕಾಯಿಲೆ. ಇದಕ್ಕೆ ಮದ್ದು ದೊರೆತದ್ದು 1950ರ ದಶಕದಲ್ಲಿ. ಕ್ಷಯರೋಗಿಗಳಿಗೆ ಕೊಟ್ಟ ಇಪ್ರೋನಿಯಾಜಿಡ್ ಅವರ ಮನಸ್ಸನ್ನೂ ಗೆಲುವಾಗಿಸಿದ್ದನ್ನು ವೈದ್ಯರು ಕಂಡರು. ಆದರೆ ಅದು ಯಕೃತ್ತಿಗೆ ಹಾನಿಕರವೆಂದು ತಿಳಿದು ಬಳಕೆ ನಿಂತಿತು. ಈಗಿನ ಫ್ಲುವೊಕ್ಸೆಟಿನ್, ಸೆರ್ಟ್ರಾಲಿನ್ ಮೊದಲಾದವು ಹೆಚ್ಚು ಸುರಕ್ಷಿತ. ಆದರೂ ಪೂರ್ಣ ನಿರಪಾಯವಲ್ಲ.

ಮೊದಲ ಒಂದೆರಡು ವಾರ ಓಕರಿಕೆ, ತಲೆನೋವು, ಬಾಯಿ ಒಣಗುವುದು, ನಿದ್ರೆಗೇಡು ಕಾಣಿಸಬಹುದು. ಇವು ಸಾಮಾನ್ಯವಾಗಿ ತಾವಾಗಿ ಇಳಿಯುತ್ತವೆ. ಗುಣ ಕಾಣಲು ಮಾತ್ರ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ತೊಂದರೆ ಮೊದಲು, ಗುಣ ಆಮೇಲೆ. ಇದನ್ನರಿಯದೆ ಹಲವರು ನಡುವೆಯೇ ಮದ್ದು ಬಿಡುತ್ತಾರೆ.

ಹೆತ್ತವರು ಮುಖ್ಯವಾಗಿ ನೆನಪಿಡಬೇಕಾದದ್ದು ಇದು: ಎಳೆಯರಲ್ಲಿ ಕೆಲವರಿಗೆ ಮದ್ದಿನ ಆರಂಭದಲ್ಲಿ ಚಡಪಡಿಕೆ, ಸಾಯಬೇಕೆಂಬ ಯೋಚನೆ ಹೆಚ್ಚಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳ ಬಗ್ಗೆ ಈ ಎಚ್ಚರಿಕೆ ಕೊಟ್ಟು, 2007ರಲ್ಲಿ ಅದನ್ನು 24 ವಯಸ್ಸಿನವರೆಗೆ ವಿಸ್ತರಿಸಿತು. ಹಾಗೆಂದು ಮದ್ದೇ ಬೇಡವೆನ್ನಬಾರದು; ಚಿಕಿತ್ಸೆಯಿಲ್ಲದ ಖಿನ್ನತೆಯೂ ಪ್ರಾಣಕ್ಕೆ ಅಪಾಯವೇ. ಮೊದಲ ವಾರಗಳಲ್ಲಿ ಮಗುವಿನ ಜೊತೆಗಿರಬೇಕು, ಮಾತನಾಡಿಸಬೇಕು. ನಿದ್ರೆಯೇ ಬೇಡವೆಂಬಷ್ಟು ವಿಪರೀತ ಹುರುಪು ಬಂದರೂ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಆಸ್ಪಿರಿನ್, ಐಬುಪ್ರೊಫೇನ್ ಮುಂತಾದ ನೋವಿನ ಗುಳಿಗೆಗಳು ಇವುಗಳೊಡನೆ ಸೇರಿದರೆ ರಕ್ತಸ್ರಾವದ ಭಯವುಂಟು. ಆದುದರಿಂದ ತೆಗೆದುಕೊಳ್ಳುವ ಎಲ್ಲ ಮದ್ದುಗಳ ಹೆಸರನ್ನೂ ವೈದ್ಯರಿಗೆ ಹೇಳಬೇಕು.

ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಳವಳ, ಕೆಟ್ಟ ಕನಸುಗಳು ಬರಬಹುದು, ಕಾಯಿಲೆಯೂ ಮರಳಬಹುದು. ವೈದ್ಯರ ಮಾತಿನಂತೆ ಮೆಲ್ಲಮೆಲ್ಲನೆ ಇಳಿಸುವುದೇ ಕ್ರಮ.

ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ತೊಡಕು. ಮನಸ್ಸಿನ ನೋವು ಕನ್ನಡದಲ್ಲಿ. ಆಸ್ಪತ್ರೆಯ ಮಾತು ಹಲವೆಡೆ ಮಲಯಾಳದಲ್ಲಿ. ಕಂಡ ತೊಂದರೆಗಳನ್ನು ದಿನಾಂಕ ಸಹಿತ ಬರೆದುಕೊಂಡು, ಎರಡೂ ಭಾಷೆ ಬಲ್ಲವರನ್ನು ಜೊತೆಗೆ ಕರೆದೊಯ್ದರೆ ಅರ್ಧ ಕಷ್ಟ ನೀಗುತ್ತದೆ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಮಕ್ಕಳೇ, ಮನಸ್ಸು ಭಾರವಾದರೆ ಅಮ್ಮನಲ್ಲಿ ಹೇಳಿ, ಅಪ್ಪನಲ್ಲಿ ಹೇಳಿ, ನಮ್ಮಲ್ಲಿ ಹೇಳಿ. ಕೇಳಲು ನಾವಿದ್ದೇವೆ.