ಮೊಸಳೆಗಳಾದ ಧರ್ಮಾಧ್ಯಕ್ಷರು: ವ್ಯಂಗ್ಯಚಿತ್ರವನ್ನು ಓದುವ ಬಗೆ



ಬೆಳಿಗ್ಗೆ ದಿನಪತ್ರಿಕೆ ಕೈಗೆ ಬಂದೊಡನೆ ನಮ್ಮಲ್ಲಿ ಅನೇಕರ ಕಣ್ಣು ಮೊದಲು ಹುಡುಕುವುದು ವ್ಯಂಗ್ಯಚಿತ್ರವನ್ನು. ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ ದಶಕಗಳ ಕಾಲ ಬಾಯಿ ತೆರೆಯದೆಯೇ ನಮ್ಮೆಲ್ಲರ ಪರವಾಗಿ ಮಾತನಾಡಿದ. ಉದ್ದದ ಸಂಪಾದಕೀಯ ಹೇಳಲಾಗದ್ದನ್ನು ನಾಲ್ಕು ಗೆರೆಗಳು ಹೇಳಿಬಿಡುತ್ತವೆ. ಓದು ಬರಹ ಬಾರದವರಿಗೂ ಅದು ತಿಳಿಯುತ್ತದೆ. ವ್ಯಂಗ್ಯಚಿತ್ರದ ಬಲವೂ ಅದೇ, ಅಪಾಯವೂ ಅದೇ. ಲೇಖನ ಓದುವಾಗ ‘ಇದು ನಿಜವೇ?’ ಎಂದು ಕೇಳಿಕೊಳ್ಳುವ ನಾವು, ಚಿತ್ರ ನೋಡಿದಾಗ ನಕ್ಕು ಮುಂದೆ ಸಾಗುತ್ತೇವೆ. ನಗು ಮರೆಯಾಗುತ್ತದೆ, ಚಿತ್ರ ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ.

ಶಾಲೆ ಮತ್ತು ಧಾರ್ಮಿಕ ಉಗ್ರವಾದ ಎರಡನ್ನೂ ಸೇರಿಸಿ ಬರೆದ ಚಿತ್ರಗಳು ಇಂದು ಮೊಬೈಲಿನ ಮೂಲಕ ನಮ್ಮ ಮನೆಮನೆಗೂ ಬರುತ್ತಿವೆ. ಅವುಗಳಲ್ಲಿ ಹೆಚ್ಚಿನವು ಬೇರೆ ಧರ್ಮದವರನ್ನು ಕುರಿತವು. ಅವನ್ನು ಓದುವ ಬಗೆಯನ್ನು ಕಲಿಯಲು ನಾವು ನಮ್ಮನ್ನೇ ಕುರಿತ ಒಂದು ಹಳೆಯ ಚಿತ್ರದಿಂದ ಆರಂಭಿಸೋಣ.

ಅಮೆರಿಕದ ‘ಹಾರ್ಪರ್ಸ್ ವೀಕ್ಲಿ’ ವಾರಪತ್ರಿಕೆಯ 1871ರ ಸೆಪ್ಟೆಂಬರ್ 30ರ ಸಂಚಿಕೆಯಲ್ಲಿ ಥಾಮಸ್ ನ್ಯಾಸ್ಟ್ ಎಂಬ ಕಲಾವಿದ ಬರೆದ ಚಿತ್ರವೊಂದು ಅಚ್ಚಾಯಿತು. ಅದರ ಹೆಸರು ‘ಅಮೆರಿಕದ ಗಂಗಾ ನದಿ’. ನೀರಿನಿಂದ ಮೊಸಳೆಗಳು ದಡಕ್ಕೆ ತೆವಳಿ ಬರುತ್ತಿವೆ. ದಡದಲ್ಲಿ ಶಾಲಾ ಮಕ್ಕಳು ಹೆದರಿ ಮುದುಡಿದ್ದಾರೆ. ಎದೆಯ ಬಳಿ ಬೈಬಲ್ ಸಿಕ್ಕಿಸಿಕೊಂಡ ಒಬ್ಬ ಯುವಕ ಅವರಿಗೆ ಅಡ್ಡವಾಗಿ ನಿಂತಿದ್ದಾನೆ. ಮೇಲೆ ಸರಕಾರಿ ಶಾಲೆ ಪಾಳುಬಿದ್ದಿದೆ, ಅದರ ಮೇಲಿನ ಅಮೆರಿಕದ ಬಾವುಟ ತಲೆಕೆಳಗಾಗಿದೆ. ಮೊಸಳೆಗಳನ್ನು ಹತ್ತಿರದಿಂದ ನೋಡಿದರೆ ಎದೆ ಝಲ್ಲೆನ್ನುತ್ತದೆ. ಅವು ಕಥೋಲಿಕ ಧರ್ಮಾಧ್ಯಕ್ಷರು! ಬಲಿಪೂಜೆಯಲ್ಲಿ ಅವರು ತಲೆಯ ಮೇಲೆ ಧರಿಸುವ ಮೊನಚು ಮಕುಟವೇ ಹಲ್ಲು ತುಂಬಿದ ಬಾಯಿಯಾಗಿದೆ. ದೂರದಲ್ಲಿ ರೋಮಿನ ಸಂತ ಪೇತ್ರರ ಮಹಾದೇವಾಲಯವನ್ನು ಹೋಲುವ ಕಟ್ಟಡವಿದೆ.

ಅಂದು ಆ ದೇಶದಲ್ಲಿ ಮಕ್ಕಳ ವಿದ್ಯಾಭ್ಯಾಸಕ್ಕೆ ಕುತ್ತು ತರುವ ಉಗ್ರರೆಂದು ಚಿತ್ರಿತರಾದವರು ನಾವೇ!

ಇದರ ಹಿನ್ನೆಲೆಯನ್ನು ತಿಳಿಯೋಣ. 1845ರಲ್ಲಿ ಆರಂಭವಾದ ಭೀಕರ ಕ್ಷಾಮದಿಂದ ಐರ್ಲೆಂಡಿನ ಬಡ ಕಥೋಲಿಕರು ಲಕ್ಷಾಂತರ ಸಂಖ್ಯೆಯಲ್ಲಿ ಅಮೆರಿಕಕ್ಕೆ ವಲಸೆ ಹೋದರು. ಅಲ್ಲಿನ ಸರಕಾರಿ ಶಾಲೆಗಳಲ್ಲಿ ಪ್ರೊಟೆಸ್ಟೆಂಟರ ಬೈಬಲ್ ಅನುವಾದವನ್ನು ಓದಿಸುತ್ತಿದ್ದರು. ಇದನ್ನು ಕಥೋಲಿಕರು ಅದಕ್ಕೂ ಮೊದಲಿನಿಂದಲೇ ಒಪ್ಪಿರಲಿಲ್ಲ. ಈ ವಿವಾದವೇ ಬೆಳೆದು 1844ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಗಲಭೆಯಾಗಿ, ಎರಡು ಕಥೋಲಿಕ ದೇವಾಲಯಗಳು ಬೆಂಕಿಗೆ ಆಹುತಿಯಾದವು. ಕಥೋಲಿಕರು ತಮ್ಮದೇ ಶಾಲೆಗಳನ್ನು ಕಟ್ಟಿದರು, ಅವುಗಳಿಗೆ ಸರಕಾರದ ನೆರವನ್ನೂ ಕೇಳಿದರು. ನ್ಯೂಯಾರ್ಕಿನಲ್ಲಿ ವಿಲಿಯಂ ಟ್ವೀಡ್ ಎಂಬ ಭ್ರಷ್ಟ ರಾಜಕಾರಣಿ ವಲಸಿಗರ ಮತಗಳಿಗಾಗಿ ಆ ನೆರವನ್ನು ಕೊಡಿಸಿದ. ನ್ಯಾಸ್ಟ್ ಕೆರಳಿದ್ದು ಇದಕ್ಕೆ.

ನ್ಯಾಸ್ಟ್ ಸಾಮಾನ್ಯನಲ್ಲ. ಗುಲಾಮಗಿರಿಯ ವಿರುದ್ಧ ಕುಂಚ ಹಿಡಿದವನು. ಟ್ವೀಡನ ಲೂಟಿಯನ್ನು ಬಯಲಿಗೆಳೆಯುವಲ್ಲಿ ಅವನ ಚಿತ್ರಗಳ ಪಾಲು ದೊಡ್ಡದು. ಇನ್ನೂ ಆಶ್ಚರ್ಯವೆಂದರೆ, ಜರ್ಮನಿಯಲ್ಲಿ ಹುಟ್ಟಿದ ಆತ ಮಗುವಾಗಿದ್ದಾಗ ದೀಕ್ಷಾಸ್ನಾನ ಪಡೆದದ್ದು ಕಥೋಲಿಕ ಧರ್ಮಸಭೆಯಲ್ಲೇ. ಅವನು ಎತ್ತಿದ ಪ್ರಶ್ನೆಯೂ ಹುರುಳಿಲ್ಲದ್ದಲ್ಲ. ಸಾರ್ವಜನಿಕರ ಹಣ ಧಾರ್ಮಿಕ ಶಾಲೆಗಳಿಗೆ ಹೋಗಬೇಕೇ ಎಂಬುದು ಇಂದಿಗೂ ಚರ್ಚಿಸಬೇಕಾದ ವಿಷಯವೇ. ಆದರೆ ಮೊಸಳೆಯ ಜೊತೆ ಯಾರು ಚರ್ಚಿಸುತ್ತಾರೆ? ಮೊಸಳೆಯನ್ನು ಕಂಡರೆ ಓಡಿಸುತ್ತಾರೆ, ಇಲ್ಲವೇ ಕೊಲ್ಲುತ್ತಾರೆ. ಒಂದು ಸಮುದಾಯವನ್ನು ಮೃಗವಾಗಿಸಿದ ಕ್ಷಣದಲ್ಲೇ ಪ್ರಶ್ನೆ ಸತ್ತುಹೋಯಿತು, ದ್ವೇಷ ಉಳಿಯಿತು.

ಚಿತ್ರದ ಹೆಸರಿನಲ್ಲಿ ಗಂಗೆ ಏಕೆ ಬಂದಳು? ಹಿಂದೂ ತಾಯಂದಿರು ಹಸುಗೂಸುಗಳನ್ನು ಗಂಗೆಯ ಮೊಸಳೆಗಳಿಗೆ ಎಸೆಯುತ್ತಾರೆಂಬ ಕಥೆಯನ್ನು ಅಂದಿನ ಪಾಶ್ಚಾತ್ಯ ಮಿಷನರಿ ಪ್ರಕಟಣೆಗಳು ಹರಡಿದ್ದವು. ಬಂಗಾಳದ ಸಾಗರ ದ್ವೀಪದಲ್ಲಿ ಹರಕೆಯ ಹೆಸರಿನಲ್ಲಿ ಶಿಶುಗಳನ್ನು ನೀರಿಗೆ ಬಿಡುವ ಆಚರಣೆಯನ್ನು 1802ರಲ್ಲೇ ಕಾನೂನು ನಿಷೇಧಿಸಿತ್ತು. ಎಲ್ಲೋ ಒಂದು ಕಡೆ ಕೆಲವರು ಮಾಡಿದ್ದನ್ನು ಚಿತ್ರಗಳು ಇಡೀ ಭಾರತದ ತಾಯಂದಿರ ತಲೆಗೆ ಕಟ್ಟಿದವು. ಅದೇ ಅಚ್ಚನ್ನು ನ್ಯಾಸ್ಟ್ ಕಥೋಲಿಕರ ಮೇಲೆ ಒತ್ತಿದ. ಹೀಗೆ ಭಾರತೀಯರಾಗಿಯೂ ಕಥೋಲಿಕರಾಗಿಯೂ ನಾವು ಆ ಒಂದೇ ಚಿತ್ರದಲ್ಲಿ ಎರಡು ಬಾರಿ ಅವಮಾನಿತರು.

ಈಗ ನಮ್ಮ ಕಾಲಕ್ಕೆ ಬರೋಣ. ಪಾಕಿಸ್ತಾನದ ಸ್ವಾತ್ ಕಣಿವೆಯಲ್ಲಿ ಹೆಣ್ಣುಮಕ್ಕಳ ಶಾಲೆಗಳು 2009ರ ಜನವರಿಯಲ್ಲಿ ಮುಚ್ಚಬೇಕೆಂದು ತಾಲಿಬಾನಿಗಳು ಆಜ್ಞೆ ಮಾಡಿದರು. 11 ವರ್ಷದ ಮಲಾಲಾ ಯೂಸುಫ್‌ಝೈ ತನ್ನ ಶಾಲೆಯ ಅಳಲನ್ನು ದಿನಚರಿಯಾಗಿ ಬರೆದಳು. 2012ರ ಅಕ್ಟೋಬರ್ 9ರಂದು ಶಾಲೆಯಿಂದ ಮರಳುವಾಗ ಅವಳ ತಲೆಗೆ ಗುಂಡು ಹೊಡೆದರು. ಬದುಕುಳಿದ ಅವಳು 2014ರಲ್ಲಿ ನಮ್ಮ ದೇಶದ ಕೈಲಾಶ್ ಸತ್ಯಾರ್ಥಿಯವರೊಂದಿಗೆ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡಳು. ಅವಳ ಮೇಲೆ ದಾಳಿಯಾದಾಗ ಅನೇಕ ದೇಶಗಳ ವ್ಯಂಗ್ಯಚಿತ್ರಕಾರರು ಬಂದೂಕಿನ ಎದುರು ಪುಸ್ತಕವನ್ನು, ಲೇಖನಿಯನ್ನು ಬರೆದರು. ಪುಸ್ತಕ ಹಿಡಿದ ಪುಟ್ಟ ಹುಡುಗಿಗೆ ಬಂದೂಕುಧಾರಿಗಳೇ ಹೆದರುವಂತೆ ತೋರಿಸುವುದು ಉತ್ಪ್ರೇಕ್ಷೆ ನಿಜ, ಆದರೆ ಅದರೊಳಗೆ ಸತ್ಯವಿದೆ. ಅದರ ಬೆರಳು ಅಪರಾಧದ ಕಡೆಗೆ, ಅಪರಾಧಿಗಳ ಕಡೆಗೆ ನೆಟ್ಟಿದೆ.

ಇದೇ ಘಟನೆಯನ್ನು ಇನ್ನೊಂದು ರೀತಿಯಲ್ಲೂ ಬರೆಯಬಹುದು. ಹುಡುಗಿಯನ್ನು ಅಳಿಸಿ, ಗಡ್ಡ, ಟೋಪಿ, ಬಂದೂಕುಗಳನ್ನು ಮಾತ್ರ ಉಳಿಸಿ, ‘ಇವರ ಶಾಲೆಗಳೇ ಹೀಗೆ’ ಎಂದು ಬರೆದರಾಯಿತು. ಆಗ ಏನು ಮರೆಯಾಗುತ್ತದೆ? ಮಲಾಲಾ ಮುಸ್ಲಿಮಳು ಎಂಬುದು ಮರೆಯಾಗುತ್ತದೆ. ಅವಳು ಓದುತ್ತಿದ್ದ ಶಾಲೆಯನ್ನು ನಡೆಸುತ್ತಿದ್ದವರು ಅವಳ ತಂದೆ ಜಿಯಾವುದ್ದೀನ್ ಎಂಬುದೂ ಮರೆಯಾಗುತ್ತದೆ. 2021ರಲ್ಲಿ ತಾಲಿಬಾನ್ ಅಧಿಕಾರಕ್ಕೆ ಮರಳಿದ ಮೇಲೆ ಅಫ್ಘಾನಿಸ್ತಾನದಲ್ಲಿ ಆರನೇ ತರಗತಿಯ ನಂತರ ಶಾಲೆಯ ಬಾಗಿಲು ಕಾಣದ ಹೆಣ್ಣುಮಕ್ಕಳೂ ಅದೇ ಧರ್ಮದವರೇ. ಉಗ್ರವಾದದ ಮೊದಲ ಬಲಿಪಶುಗಳನ್ನೇ ಉಗ್ರರ ಸಾಲಿನಲ್ಲಿ ನಿಲ್ಲಿಸುವ ಚಿತ್ರ ಸುಳ್ಳು ಚಿತ್ರ, ಅದರ ಗೆರೆಗಳು ಎಷ್ಟೇ ಚೆನ್ನಾಗಿದ್ದರೂ.

ಹಾಗಾದರೆ ಮನೆಯಲ್ಲಿ ಮಕ್ಕಳೊಂದಿಗೆ ಕುಳಿತು ಇಂಥ ಚಿತ್ರವನ್ನು ನೋಡುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳೋಣ.

ಮೊದಲನೆಯದು: ಇದು ಯಾವಾಗ, ಎಲ್ಲಿ, ಯಾವ ಘಟನೆಯ ಬಗ್ಗೆ ಬರೆದದ್ದು? ಅದು ತಿಳಿಯದೆ ಅರ್ಥ ಮಾಡಹೊರಟರೆ ತಪ್ಪುವುದು ಖಂಡಿತ.

ಎರಡನೆಯದು: ಯಾವುದನ್ನು ದೊಡ್ಡದು ಮಾಡಿದ್ದಾರೆ, ಯಾವುದನ್ನು ಚಿಕ್ಕದು ಮಾಡಿದ್ದಾರೆ? ಉತ್ಪ್ರೇಕ್ಷೆ ತಪ್ಪಲ್ಲ. ಸೂಜಿಯ ಕಣ್ಣಿನ ಮುಂದೆ ಒಂಟೆಯನ್ನು ನಿಲ್ಲಿಸಿದವರು ನಮ್ಮ ಯೇಸುಸ್ವಾಮಿಯೇ ಅಲ್ಲವೇ? ಆ ಉತ್ಪ್ರೇಕ್ಷೆ ಸತ್ಯವನ್ನು ತೋರಿಸುತ್ತದೆಯೋ, ಮುಚ್ಚುತ್ತದೆಯೋ ಎಂಬುದೇ ಪ್ರಶ್ನೆ.

ಮೂರನೆಯದು: ಚಿತ್ರ ಬೆರಳು ತೋರಿಸುವುದು ಒಂದು ಕೃತ್ಯವನ್ನೋ, ಒಂದು ಜನರನ್ನೋ? ಯಾರನ್ನಾದರೂ ಮೃಗವೋ ಹುಳವೋ ಆಗಿ ಮಾಡಿದ್ದಾರೆಯೇ?

ನಾಲ್ಕನೆಯದು: ಚಿತ್ರದಲ್ಲಿ ಇರಬೇಕಾಗಿದ್ದೂ ಇಲ್ಲದವರು ಯಾರು? ನ್ಯಾಸ್ಟನ ಚಿತ್ರದಲ್ಲಿ ಕಥೋಲಿಕ ಶಾಲೆಗಳಲ್ಲಿ ಬಡ ವಲಸಿಗರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಕನ್ಯಾಸ್ತ್ರೀಯರಿಗೆ ಜಾಗವೇ ಇರಲಿಲ್ಲ.

ಒಂದು ಚಿತ್ರ ನಮ್ಮ ಮನ ನೋಯಿಸಿದರೆ ಏನು ಮಾಡಬೇಕು? 2015ರ ಜನವರಿ 7ರಂದು ಪ್ಯಾರಿಸಿನ ‘ಶಾರ್ಲಿ ಎಬ್ದೋ’ ಪತ್ರಿಕೆಯ ಮೇಲಿನ ದಾಳಿಯಲ್ಲಿ 12 ಮಂದಿ ಹತರಾದರು. ಆ ದಾರಿ ನಮ್ಮದಲ್ಲ, ಯಾರದೂ ಆಗಬಾರದು. ಅಮೆರಿಕದ ಧರ್ಮಾಧ್ಯಕ್ಷರು 1884ರಲ್ಲಿ ಬಾಲ್ಟಿಮೋರಿನಲ್ಲಿ ಸಭೆ ಸೇರಿದಾಗ, ಪ್ರತಿಯೊಂದು ಧರ್ಮಕೇಂದ್ರದಲ್ಲೂ ಶಾಲೆ ಇರಬೇಕೆಂದು ನಿರ್ಧರಿಸಿದರು. ಮೊಸಳೆಗಳೆನಿಸಿಕೊಂಡವರು ಶಾಲೆಗಳನ್ನು ಕಟ್ಟುತ್ತಲೇ ಹೋದರು, ಅವುಗಳಲ್ಲಿ ಓದಿದ ಮಕ್ಕಳೇ ಆ ಚಿತ್ರಕ್ಕೆ ಉತ್ತರವಾದರು.

ಆದ್ದರಿಂದ ಮುಂದಿನ ಸಲ ಮೊಬೈಲಿಗೆ ಇಂಥದೊಂದು ಚಿತ್ರ ಬಂದಾಗ, ಇನ್ನೊಬ್ಬರಿಗೆ ಕಳುಹಿಸುವ ಮೊದಲು ಅದರಲ್ಲಿರುವ ಟೋಪಿಯನ್ನೋ ನಾಮವನ್ನೋ ತೆಗೆದು, ಆ ಜಾಗದಲ್ಲಿ ನಮ್ಮ ಶಿಲುಬೆಯನ್ನು ಇಟ್ಟು ನೋಡೋಣ. ಆಗಲೂ ಅದು ನ್ಯಾಯವೆನಿಸಿದರೆ ಕಳುಹಿಸೋಣ. ಇಲ್ಲವಾದರೆ ಅಲ್ಲಿಗೇ ಅಳಿಸಿಬಿಡೋಣ.