ಹಲ್ಲಿನ ಗುಳಿಯಲ್ಲಿ ಲವಂಗದ ಸಿಮೆಂಟು

ಮೆಲ್ಕಾರಿನ ಓದುಗರೊಬ್ಬರು ಕೇಳಿದ್ದಾರೆ: ‘ದವಡೆ ಹಲ್ಲಿಗೆ ರೂಟ್ ಕೆನಾಲ್ ಶುರುಮಾಡಿ ನರ ತೆಗೆದರು. ಬಿಳಿ ಮಣ್ಣಿನಂಥದ್ದೇನೋ ತುಂಬಿ, ವಾರ ಬಿಟ್ಟು ಬನ್ನಿ ಎಂದರು. ಬಿ.ಸಿ.ರೋಡಿನಿಂದ ಮನೆ ತಲುಪುವವರೆಗೂ ಬಾಯಿ ತುಂಬ ಲವಂಗದ ವಾಸನೆ. ಈಗ ನೋವೂ ಇಲ್ಲ, ತುಂಬಿದ್ದು ಬಿದ್ದೂ ಇಲ್ಲ. ಮತ್ತೆ ಹೋಗಲೇಬೇಕೆ?’

ಹೋಗಲೇಬೇಕು. ಯಾಕೆಂದು ಹೇಳುತ್ತೇನೆ, ಆದರೆ ಮೊದಲು ಆ ಲವಂಗದ ಸಂಗತಿ. ಅದು ಪರಿಮಳಕ್ಕೆಂದು ಬೆರೆಸಿದ್ದಲ್ಲ. ನಮ್ಮ ಅಡಿಕೆ ತೋಟಗಳ ನಡುವೆಯೂ ಅಲ್ಲಲ್ಲಿ ಬೆಳೆಯುವ ಲವಂಗ, ನೇರಳೆಯ ಹತ್ತಿರದ ನೆಂಟ. ಅದರ ಅರಳದ ಮೊಗ್ಗಿನಿಂದ ತೆಗೆದ ಎಣ್ಣೆಯಲ್ಲಿ ಶೇಕಡಾ 70ರಿಂದ 90ರಷ್ಟು ಯೂಜಿನಾಲ್ ಇರುತ್ತದೆ. ಕ್ಯಾಲಮೈನ್ ಲೋಶನ್ನಿನಲ್ಲಿರುವ ಬಿಳಿ ಪುಡಿ ಝಿಂಕ್ ಆಕ್ಸೈಡಿಗೆ ಈ ಯೂಜಿನಾಲ್ ಹಾಕಿ ಕಲಸಿದರೆ, ಎರಡು ಯೂಜಿನಾಲ್ ಅಣುಗಳು ಒಂದು ಸತುವಿನ ಪರಮಾಣುವನ್ನು ಇಕ್ಕುಳದಂತೆ ಕಚ್ಚಿ ಹಿಡಿದು ಗಟ್ಟಿಯಾಗುತ್ತವೆ.

ಕಳೆದ ಆಟಿಯಲ್ಲಿ ನನ್ನ ಹಲ್ಲಿಗೂ ಇದೇ ಕೆಲಸ ಆಯಿತು. ಸಹಾಯಕಿ ಗಾಜಿನ ಹಲಗೆಯ ಮೇಲೆ ಪುಡಿ ಸುರಿದು, ಪಕ್ಕದಲ್ಲಿ ಎರಡು ತೊಟ್ಟು ಎಣ್ಣೆ ಬಿಟ್ಟು, ಪುಡಿಯನ್ನು ಚೂರುಚೂರೇ ಎಳೆದುಕೊಂಡು ಚಪಾತಿ ಹಿಟ್ಟಿನ ಹದಕ್ಕೆ ತಿಕ್ಕಿ ತಿಕ್ಕಿ ಕಲಸಿದರು. ಡಾಕ್ಟರು ಒಂದು ಉಂಡೆ ಎತ್ತಿ ಹಲ್ಲಿಗೆ ಒತ್ತಿ, ಒದ್ದೆ ಹತ್ತಿಯಿಂದ ಸವರಿದರು. ಸ್ವಲ್ಪ ಹೊತ್ತಿಗೆ ನಾಲಗೆಗೆ ಅದು ಕಲ್ಲಿನಂತೆ ತಾಗಿತು. ಎದ್ದು ನೋಡಿದರೆ ಹಲಗೆಯ ಮೇಲೆ ಉಳಿದ ಮುದ್ದೆ ಇನ್ನೂ ಮೆತ್ತಗೇ ಇದೆ! ‘ಮಳೆಗಾಲದಲ್ಲಿ ಇದೂ ಬೇಗ ಗಟ್ಟಿಯಾಗ್ತದೆ ಸರ್, ಬೇಸಗೆಯ ಹಾಗಲ್ಲ’ ಎಂದರು ಸಹಾಯಕಿ.

ಆ ಮಾತಿನಲ್ಲಿ ಇಡೀ ರಸಾಯನಶಾಸ್ತ್ರವೇ ಇದೆ. ಹಲ್ಲಿಗೆ ತುಂಬಿದ್ದು ಒಣಗಿ ಗಟ್ಟಿಯಾಗುತ್ತದೆ, ಎಂಜಲು ತಾಗಿದರೆ ಕೆಟ್ಟಿತು ಎಂದು ಅನೇಕರು ತಿಳಿದಿದ್ದಾರೆ. ಬಾಯಿ ತೆರೆದುಕೊಂಡೇ ಮನೆಗೆ ಬರುವವರನ್ನು ಕಂಡಿದ್ದೇನೆ. ವಿಷಯ ಪೂರ್ತಿ ತಿರುವುಮುರುವು. ನೀರಿನ ಪಸೆಯೇ ಇಲ್ಲದ ಪುಡಿ, ಪಸೆಯೇ ಇಲ್ಲದ ಯೂಜಿನಾಲ್ ಸೇರಿಸಿದರೆ ಅವು ಗಟ್ಟಿಯಾಗುವುದೇ ಇಲ್ಲ. ಒಂದಿಷ್ಟು ನೀರು ಬಂದು ಕೆಲಸ ಶುರುಮಾಡಿಸಬೇಕು. ಆಮೇಲೆ ಆ ಕ್ರಿಯೆಯೇ ನೀರನ್ನು ಹೊರಬಿಡುತ್ತದೆ, ಆ ನೀರು ಪಕ್ಕದ ಕಣವನ್ನು ಎಬ್ಬಿಸುತ್ತದೆ. ಬಾಯಲ್ಲಿ ಬಿಸಿಯೂ ಇದೆ, ಪಸೆಯೂ ಇದೆ, ಹಾಗಾಗಿ ಬೇಗ ಕಚ್ಚಿಕೊಳ್ಳುತ್ತದೆ. ಕಲಸಲು ಹೆಚ್ಚು ಸಮಯ ಸಿಗಲೆಂದು ಗಾಜಿನ ಹಲಗೆಯನ್ನು ತಂಪು ಮಾಡುವುದುಂಟು. ಆದರೆ ನಮ್ಮ ಕರಾವಳಿಯ ಗಾಳಿಯಲ್ಲಿ ಹಲಗೆ ತೀರಾ ತಣ್ಣಗಾದರೆ ಅದರ ಮೇಲೆ ಇಬ್ಬನಿಯಂತೆ ನೀರು ಕೂತು, ನಿಧಾನವಾಗಬೇಕಾದದ್ದು ಇನ್ನೂ ಬೇಗ ಗಟ್ಟಿಯಾಗಿಬಿಡುತ್ತದೆ. ಡಬ್ಬಿಯಿಂದ ಹಾಗೇ ತೆಗೆದು ತುಂಬುವ ಇನ್ನೊಂದು ಬಗೆಯ ಪೇಸ್ಟಿನಲ್ಲಿ ಜಿಪ್ಸಮ್ಮಿನ ಜಾತಿಯ ಪುಡಿ ಇರುತ್ತದೆ; ಅದಂತೂ ಎಂಜಲನ್ನೇ ಕುಡಿದು, ತುಸು ಉಬ್ಬಿ, ಅಂಚಿಗೆ ಒತ್ತಿಕೊಳ್ಳುತ್ತದೆ. ತಾರಸಿಗೆ ಕಾಂಕ್ರೀಟು ಹಾಕಿದ ಮರುದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವ ನಮಗೆ ಇದು ಹೊಸದಾಗಬಾರದು. ಗಂಟೆ ಎರಡು ಗಂಟೆ ಆ ಕಡೆಯಿಂದ ಅಗಿಯಬೇಡಿ, ಅಷ್ಟೇ.

ಯೂಜಿನಾಲ್ ನೋವನ್ನೂ ತಣಿಸುತ್ತದೆ. ಹಾಗೆಂದು ಲವಂಗದ ಎಣ್ಣೆಯನ್ನೇ ಹತ್ತಿಯಲ್ಲಿ ಅದ್ದಿ ಗುಳಿಗೆ ತುರುಕಬೇಡಿ. ಸಿಮೆಂಟಿನಿಂದ ಅದು ತೊಟ್ಟಿಗಿಂತಲೂ ಕಡಿಮೆ ಪ್ರಮಾಣದಲ್ಲಿ, ದಿನಗಟ್ಟಲೆ ಜಿನುಗುತ್ತದೆ. ನೇರವಾಗಿ ಹಚ್ಚಿದರೆ ವಸಡು ಸುಡುತ್ತದೆ. ಹೊಗೆಸೊಪ್ಪು, ಸುಣ್ಣ ತುಂಬಿಕೊಂಡು ಬಾಯಿ ಬೇಯಿಸಿಕೊಂಡವರೂ ಇದ್ದಾರೆ. ಇನ್ನು ಹೊಗೆ ಹಿಡಿದು ಹಲ್ಲಿನ ಹುಳ ಉದುರಿಸುವವರು! ‘ಹುಳುಕು ಹಲ್ಲು’ ಎಂಬ ನಮ್ಮ ಮಾತೇ ಆ ನಂಬಿಕೆಯನ್ನು ಸಾಕಿಕೊಂಡು ಬಂದಿದೆ. ಕೆಂಡದ ಮೇಲೆ ಹಾಕುವ ಗುಳ್ಳದ ಜಾತಿಯ ಬೀಜದೊಳಗೆ ಭ್ರೂಣ ಬಾಗಿ ಸುರುಳಿಯಾಗಿರುತ್ತದೆ. ಕಾವಿಗೆ ಸಿಪ್ಪೆ ಒಡೆದು ಸಿಡಿದ ಆ ಬಿಳಿ ಎಳೆಯನ್ನೇ ಹುಳವೆಂದು ತೋರಿಸುತ್ತಾರೆ. 1728ರಷ್ಟು ಹಿಂದೆಯೇ ಫ್ರಾನ್ಸಿನ ದಂತವೈದ್ಯ ಪಿಯೆರ್ ಫೋಶಾರ್, ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಹುಳ ಕಾಣಲಿಲ್ಲ ಎಂದು ಬರೆದಿಟ್ಟ. ಹಲ್ಲು ಕೊರೆಯುವುದು ಸಕ್ಕರೆ ತಿಂದ ಬ್ಯಾಕ್ಟೀರಿಯಾ ಬಿಡುವ ಹುಳಿ.

ಈಗ ಮೆಲ್ಕಾರಿನವರ ಪ್ರಶ್ನೆ. ನೋವಿಲ್ಲ ಎಂದಿರಿ. ನೋವು ಹೇಳಬೇಕಾದ ನರವನ್ನೇ ತೆಗೆದಾಗಿದೆ, ಇನ್ನು ಹೇಳುವವರು ಯಾರು? ಈ ಸಿಮೆಂಟು ಬೇಕೆಂದೇ ಮೆದು. ಡಾಕ್ಟರು ಹಲ್ಲಿಗೆ ಪೆಟ್ಟಾಗದಂತೆ ಅದನ್ನು ಮತ್ತೆ ಕೆರೆದು ತೆಗೆಯಬೇಕಲ್ಲ. ಎಂಜಲು ಅದರಿಂದ ಯೂಜಿನಾಲನ್ನು ದಿನವೂ ಬಿಡಿಸುತ್ತದೆ, ಅಗಿದಷ್ಟೂ ಸವೆಯುತ್ತದೆ. ಕೆಲವೇ ವಾರಗಳಲ್ಲಿ ಅಂಚಿನಲ್ಲಿ ಕಣ್ಣಿಗೆ ಕಾಣದ ಸಂದು ಬಿದ್ದು, ತೊಳೆದು ಚೊಕ್ಕ ಮಾಡಿದ ಬೇರಿನ ಕಾಲುವೆಗೆ ಬ್ಯಾಕ್ಟೀರಿಯಾ ಸದ್ದಿಲ್ಲದೆ ಇಳಿಯುತ್ತವೆ. ಮುಖ ಊದಿಕೊಂಡ ದಿನ ಗೊತ್ತಾದರೆ ತಡವಾಯಿತು.

ಕೊಟ್ಟ ತಾರೀಖಿಗೇ ಹೋಗಿ. ಡಾಕ್ಟರು ಅದನ್ನು ಕೆರೆಯುವಾಗ ಮೂಗಿಗೆ ಗಮನ ಕೊಡಿ: ಮುಗಿಯದೆ ಉಳಿದ ಯೂಜಿನಾಲ್ ಮತ್ತೊಮ್ಮೆ ಘಮ್ಮೆಂದು ಲವಂಗವಾಗಿ ಏಳುತ್ತದೆ.