ಎಳೆಯೋ ಕಾರು ಬೇಕಾ? ಮೊದಲು ನಿಲ್ಲಿಸೋ ಲೆಕ್ಕ ಹಾಕಿ

ಈ ವಾರ ಬೆಳೆ ಬಗ್ಗೆ ಅಲ್ಲ, ಗಾಡಿ ಬಗ್ಗೆ ಬರೀತಿದ್ದೀನಿ. "ಮನೆಯವರಿಗೂ ಆಗ್ಬೇಕು, ಹಿಂದೆ ಸಣ್ಣ ಟ್ರೇಲರ್ ಕಟ್ಟಿ ತೋಟದ ಕೆಲಸಕ್ಕೂ ಆಗ್ಬೇಕು, ಬಜೆಟ್ ಕಮ್ಮಿ. ಯಾವ ಕಾರು ತಗೊಳ್ಳಲಿ?" ಅನ್ನೋ ಪ್ರಶ್ನೆಯನ್ನ ನನಗೆ ತುಂಬಾ ಜನ ಕೇಳಿದ್ದಾರೆ. ನಾನೂ ಇದೇ ಆಸೆಯಿಂದ ಒಂದು ತಪ್ಪು ಮಾಡಿದವನು. ಅದನ್ನೇ ಮೊದಲು ಹೇಳ್ತೀನಿ.

ನಮ್ಮದು ಕೊಪ್ಪ ಕಡೆ ಮೂರು ಎಕರೆ ಅಡಿಕೆ, ನಡುವೆ ಸ್ವಲ್ಪ ಕಾಫಿ, ಮೆಣಸು. ಅಪ್ಪಯ್ಯನ ಕಾಲದಲ್ಲಿ ಹಳೇ ಜೀಪು, ಅದಕ್ಕೊಂದು ಎರಡು ಚಕ್ರದ ಟ್ರೇಲರ್ ಇತ್ತು. ಮಲೆನಾಡಿನಲ್ಲಿ ಇದು ಹೊಸದೇನಲ್ಲ. ಜೀಪು ಮುದಿಯಾಯ್ತು, ಮಾರಿದ್ವಿ. ಅಮ್ಮನನ್ನ ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಅಂತ ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ತಗೊಂಡೆ. ಟ್ರೇಲರ್ ಕೊಟ್ಟಿಗೆ ಹಿಂದೆ ಸುಮ್ಮನೆ ನಿಂತಿತ್ತು. ಕಾರಿಗೇ ಒಂದು ಹುಕ್ಕು ಹಾಕಿಸಿದ್ರೆ ಆಯ್ತಲ್ಲ ಅಂತ ವೆಲ್ಡಿಂಗ್ ಶಾಪಿನಲ್ಲಿ ಹಾಕಿಸಿಬಿಟ್ಟೆ.

ಅಡಿಕೆ ಕೊಯ್ಲು ಸಮಯ. ಕೆಳಗಿನ ತೋಟದಿಂದ ಹತ್ತು ಚೀಲ ಹಸಿ ಅಡಿಕೆ ಹೇರಿಕೊಂಡು ಬರ್ತಿದ್ದೆ. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಲ್ಲಿ ಆರು ವರ್ಷದ ಮಗಳು. ಏರು ಆರಾಮಾಗಿ ಹತ್ತಿತು. ಇಳಿಜಾರಿನ ತಿರುವಲ್ಲಿ ಎದುರಿಗೆ ಬಸ್ಸು ಬಂತು. ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ. ಹಿಂದಿನ ಟ್ರೇಲರ್ ದಬ್ಬಿದ ರಭಸಕ್ಕೆ ಕಾರಿನ ಹಿಂಭಾಗ ಎಡಕ್ಕೆ ತಿರುಗಿ, ಚರಂಡಿಗೆ ಒಂದು ಮೊಳ ಇರೋವಾಗ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಬಸ್ಸು ಹೋದ ಮೇಲೆ ಮಗಳು ಕೇಳಿದಳು: "ಅಪ್ಪಾ, ನಾವಲ್ವಾ ಅದನ್ನ ಎಳೀತಿದ್ದಿದ್ದು? ಅದ್ಯಾಕೆ ನಮ್ಮನ್ನ ದಬ್ತು?"

ನನ್ನ ಹತ್ರ ಉತ್ತರ ಇರಲಿಲ್ಲ. ನಮ್ಮೂರಲ್ಲಿ ಹಿಂದೆ ಜೀಪು ಓಡಿಸ್ತಿದ್ದ ಹಿರಿಯರೊಬ್ಬರು ಸಂಜೆ ಹೇಳಿದ್ರು: "ಎಳೆಯೋಕೆ ಇಂಜಿನ್ ಸಾಕು ಮಾರಾಯ. ನಿಲ್ಸೋಕೆ ಗಾಡಿಗೆ ತೂಕ ಬೇಕು, ಬ್ರೇಕ್ ಬೇಕು." ಕಾರು ಆರಿಸೋವಾಗ ನೆನಪಿಡಬೇಕಾದ ಮುಖ್ಯ ಮಾತು ಇದೇ.

ತೂಕದ ಲೆಕ್ಕ

ಆ ದಿನದ ಲೆಕ್ಕ ನೋಡಿ. ಕಾರು ಸುಮಾರು 900 ಕೆಜಿ, ನಾವು ಮೂವರು 150 ಕೆಜಿ, ಒಟ್ಟು 1,050. ಟ್ರೇಲರ್ ಖಾಲಿ 200 ಕೆಜಿ, ಹತ್ತು ಚೀಲ 500 ಕೆಜಿ, ಒಟ್ಟು 700. ಟ್ರೇಲರ್‌ಗೆ ಬ್ರೇಕ್ ಇಲ್ಲ. ಅಂದ್ರೆ 1,050 ಕೆಜಿ ನಿಲ್ಲಿಸ್ತಿದ್ದ ಬ್ರೇಕು 1,750 ಕೆಜಿ ನಿಲ್ಲಿಸಬೇಕು. ಬ್ರೇಕ್ ಹಿಡಿದ ಮೇಲೆ 20 ಮೀಟರ್‌ನಲ್ಲಿ ನಿಲ್ಲೋ ಕಾರಿಗೆ ಸಮತಟ್ಟು ರಸ್ತೆಯಲ್ಲೇ ಸುಮಾರು 33 ಮೀಟರ್ ಬೇಕಾಗುತ್ತೆ. ಇಳಿಜಾರು, ಮಳೆ ಸೇರಿದ್ರೆ ಇನ್ನೂ ಜಾಸ್ತಿ.

ಇನ್ನೊಂದು ವಿಷಯ. ಟ್ರೇಲರ್‌ನ ಮೂಗು ಹುಕ್ಕಿನ ಮೇಲೆ ಕೂರುತ್ತಲ್ಲ, ಅಲ್ಲಿ ಒಟ್ಟು ಟ್ರೇಲರ್ ತೂಕದ ಸುಮಾರು 10% ಭಾರ ಬೀಳಬೇಕು. ತೀರಾ ಕಮ್ಮಿಯಾದ್ರೆ ಟ್ರೇಲರ್ ಅತ್ತಿತ್ತ ಓಲಾಡುತ್ತೆ, ಜಾಸ್ತಿಯಾದ್ರೆ ಕಾರಿನ ಹಿಂಭಾಗ ತಗ್ಗಿ ಮುಂದಿನ ಚಕ್ರ ಹಗುರ ಆಗುತ್ತೆ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದಲೇ ಓಡೋವು. ಮುಂದಿನ ಚಕ್ರ ಹಗುರ ಆದ್ರೆ ಕೆಸರಿನ ಏರಲ್ಲಿ ಚಕ್ರ ಸುತ್ತುತ್ತೆ, ಗಾಡಿ ಹತ್ತಲ್ಲ.

ಯಾವ ಗಾಡಿ ಯಾರಿಗೆ?

ಕಾರಿನ ಜೊತೆ ಬರೋ ಮ್ಯಾನುಯಲ್ ಓದಿ. ಟ್ರೇಲರ್ ಎಳೆಯೋಕೆ ಈ ಕಾರು ಅಲ್ಲ ಅಂತ ಎಷ್ಟೋ ಸಣ್ಣ ಕಾರುಗಳ ಮ್ಯಾನುಯಲ್‌ನಲ್ಲೇ ಬರೆದಿರುತ್ತೆ. ಶೋರೂಮಿನವರು "ಎಳೆಯುತ್ತೆ ಸಾರ್" ಅಂದ್ರೆ, ಎಷ್ಟು ಕೆಜಿ ಅಂತ ಬರೆದು ಕೊಡಿ ಅನ್ನಿ. ಬರೆದು ಕೊಡದಿದ್ರೆ ಇಲ್ಲ ಅಂತಲೇ ತಿಳ್ಕೊಳ್ಳಿ. ಬಂಪರ್‌ನಲ್ಲಿ ಸಿಕ್ಕಿಸೋ ಟೋಯಿಂಗ್ ಕೊಕ್ಕೆ ಕೆಟ್ಟ ಕಾರನ್ನ ಎಳೆದು ತರೋಕೆ ಮಾತ್ರ, ಟ್ರೇಲರ್‌ಗಲ್ಲ.

ಬೊಲೆರೊ: 1.5 ಲೀಟರ್ ಡೀಸೆಲ್, 75 ಎಚ್‌ಪಿ, 210 ಎನ್‌ಎಂ ಟಾರ್ಕ್. ಲಾರಿ ತರ ಗಟ್ಟಿ ಚಾಸಿ, ಹಿಂದಿನ ಚಕ್ರಕ್ಕೆ ಶಕ್ತಿ, ಏಳು ಸೀಟು. ತೋಟದ ದಾರಿಗೆ ಒಳ್ಳೇದು. ಆದ್ರೆ ಹಿಂದಿನ ಸೀಟಲ್ಲಿ ಕೂತವರಿಗೆ ಕುಲುಕಾಟ ಇದ್ದೇ ಇದೆ. ಬೊಲೆರೊ ನಿಯೋ ಕೂಡ ಇದೇ ಜಾತಿ, 100 ಎಚ್‌ಪಿ.

ಎರ್ಟಿಗಾ: ಮನೆ ತುಂಬಾ ಜನ ಇದ್ದು ದೂರ ಓಡಾಡೋರಿಗೆ ಆರಾಮ. ಮುಂದಿನ ಚಕ್ರದ ಗಾಡಿ. ಇದಕ್ಕೆ ಟ್ರೇಲರ್ ಯೋಚನೆ ಬೇಡ.

ಈಕೋ: 1.2 ಲೀಟರ್ ಪೆಟ್ರೋಲ್, ಹಿಂದಿನ ಚಕ್ರದ ಗಾಡಿ, ಬೆಲೆ ಕಮ್ಮಿ. ಹಿಂದೆ ಜಾಗ ಇರೋದ್ರಿಂದ ಹಾಲು, ತರಕಾರಿ ಕ್ರೇಟು ಒಳಗೇ ಇಡಬಹುದು. ಬಯಲುಸೀಮೆಯ ತರಕಾರಿ ಬೆಳೆಗಾರರಿಗೆ ಲೆಕ್ಕ ಕೂಡುತ್ತೆ.

ಕ್ಯಾಂಪರ್ ತರದ ಡಬಲ್ ಕ್ಯಾಬಿನ್ ಪಿಕಪ್: ಐದು ಜನ ಕೂತು, ಹಿಂದೆ ಲೋಡ್ ಹಾಕಬಹುದು. ಭಾರ ಗಾಡಿಯ ಮೇಲೇ ಇರೋದ್ರಿಂದ ಟ್ರೇಲರ್‌ನ ತಲೆಬಿಸಿ ಇಲ್ಲ. ಸರಕು ವಾಹನ ಅಂತ ನೋಂದಣಿಯಾದ್ರೆ ಹಳದಿ ಬೋರ್ಡು, ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. 7,500 ಕೆಜಿ ಒಳಗಿನ ಇಂಥ ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಹೇಳಿದೆ.

ನಿಜವಾಗಿ ಎಷ್ಟು ದಿನ ಎಳೀತೀರಿ?

ಆ ಘಟನೆ ಆದ ಮೇಲೆ ನಾನೂ ಹೆಂಡತಿಯೂ ಕೂತು ವರ್ಷದ ಲೋಡ್ ಬರೆದ್ವಿ. ಪಶು ಆಹಾರ ತಿಂಗಳಿಗೆ ನಾಲ್ಕು ಚೀಲ, 200 ಕೆಜಿ. ರಸಗೊಬ್ಬರ ವರ್ಷಕ್ಕೆ ಎರಡು ಸಲ. ಇವೆಲ್ಲ ಸೀಟು ಮಡಚಿದ್ರೆ ದೊಡ್ಡ ಕಾರಿನ ಒಳಗೇ ಬರುತ್ತೆ. ಟ್ರೇಲರ್ ಬೇಕಾಗಿದ್ದು ಹಸಿ ಅಡಿಕೆಗೆ 12 ಸಲ, ಕೊಟ್ಟಿಗೆ ಗೊಬ್ಬರಕ್ಕೆ 8 ಸಲ, ಒಟ್ಟು 20. ಪಿಕಪ್ ಒಂದು ಸಲಕ್ಕೆ ಎರಡು ಟ್ರೇಲರ್ ಲೋಡ್ ಹೊರುತ್ತೆ, ಹಾಗಾಗಿ ಹತ್ತು ಟ್ರಿಪ್ ಸಾಕು. ನಮ್ಮೂರ ಬಾಡಿಗೆ ಟ್ರಿಪ್ಪಿಗೆ 1,000 ರೂಪಾಯಿ, ವರ್ಷಕ್ಕೆ 10,000. ಈ ಹತ್ತು ಸಾವಿರ ಉಳಿಸೋಕೆ ನಾನು ಮಗಳನ್ನ ಕೂರಿಸಿಕೊಂಡು ಆ ಇಳಿಜಾರು ಇಳಿದಿದ್ದೆ.

ಕೊನೆಗೆ ಆರು ವರ್ಷ ಹಳೇ ಬೊಲೆರೊ ತಗೊಂಡೆ. ಹುಕ್ಕು ಹಾಕಿಸಲಿಲ್ಲ. ಅಮ್ಮ ಮುಂದಿನ ಸೀಟಲ್ಲಿ ಕೂತ್ಕೊಳ್ತಾರೆ, ಅಲ್ಲಿ ಕುಲುಕಾಟ ಕಮ್ಮಿ. ಭಾರದ ಲೋಡಿಗೆ ಪಿಕಪ್‌ನವರಿಗೆ ಫೋನ್ ಮಾಡ್ತೀನಿ.

ದುಡ್ಡಿನ ವಿಷಯ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18%ಕ್ಕೆ ಇಳಿದಿದೆ. ಇದಕ್ಕೆ ಉದ್ದ ನಾಲ್ಕು ಮೀಟರ್ ಒಳಗೆ, ಪೆಟ್ರೋಲ್ ಆದ್ರೆ 1,200 ಸಿಸಿ, ಡೀಸೆಲ್ ಆದ್ರೆ 1,500 ಸಿಸಿ ಒಳಗೆ ಇರಬೇಕು. ಬೊಲೆರೊ, ಈಕೋ ಇದರೊಳಗೆ ಬರುತ್ತೆ, ಎರ್ಟಿಗಾ ಬರಲ್ಲ. ಶೋರೂಮ್ ಬೆಲೆ ಮಾತ್ರ ನೋಡಬೇಡಿ, ಲೈಫ್‌ಟೈಮ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರಿಸಿ ಆನ್‌ರೋಡ್ ಬೆಲೆ ಕೇಳಿ.

7 ಲಕ್ಷ ಸಾಲ, 10% ಬಡ್ಡಿ ಅಂದ್ಕೊಳ್ಳಿ. ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು 11,600, ಒಟ್ಟು ಬಡ್ಡಿ 2.75 ಲಕ್ಷದ ಮೇಲೆ. ಐದು ವರ್ಷಕ್ಕೆ ಕಂತು ಸುಮಾರು 14,900, ಬಡ್ಡಿ 1.92 ಲಕ್ಷ. ನಮಗೆ ದುಡ್ಡು ಬರೋದು ತಿಂಗಳಿಗೊಮ್ಮೆ ಅಲ್ಲ, ಬೆಳೆ ಬಂದಾಗ. ಕೆಲವು ಕಡೆ ರೈತರಿಗೆ ಆರು ತಿಂಗಳ ಕಂತು ಇರುತ್ತೆ, ಬ್ಯಾಂಕಿನಲ್ಲಿ ಕೇಳಿ.

ಹಳೇ ಗಾಡಿ ನೋಡೋವಾಗ

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ. ನೋಂದಣಿ ಯಾವತ್ತಿನವರೆಗೆ ಇದೆ, ಇನ್ಶೂರೆನ್ಸ್ ಇದೆಯಾ ನೋಡಿ. ಸ್ವಂತ ಬಳಕೆ ಗಾಡಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಇ-ಚಲನ್ ಬಾಕಿ ಇದೆಯಾ ನೋಡಿ. ಸಾಲ ಇದ್ದಿದ್ರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29, 30. ಗಾಡಿ ಕೆಳಗೆ ಬಗ್ಗಿ ಚಾಸಿ ನೋಡಿ: ತುಕ್ಕು, ಹೊಸ ವೆಲ್ಡಿಂಗ್ ಗುರುತು ಇದ್ರೆ ಅದು ಎಳೆದು ಸೋತ ಗಾಡಿ ಇರಬಹುದು. ಏರಲ್ಲಿ ಓಡಿಸಿ ನೋಡಿ, ಇಂಜಿನ್ ಸದ್ದು ಏರಿದ್ರೂ ಗಾಡಿ ಏರದಿದ್ರೆ ಕ್ಲಚ್ ಮುಗಿದಿದೆ.

ಎಳೆಯಲೇಬೇಕು ಅಂದ್ರೆ

ಟ್ರೇಲರ್ ಅಂದ್ರೆ ಕಾನೂನಿನಲ್ಲಿ ಅದೂ ಒಂದು ವಾಹನ. ಸಾರ್ವಜನಿಕ ರಸ್ತೆಗೆ ತರೋಕೆ ನೋಂದಣಿ ಬೇಕು, ಹಿಂದೆ ನಂಬರ್, ಲೈಟು ಇರಬೇಕು. ಗಾಡಿಯ ಮೂಲ ರೂಪ ಬದಲಿಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ. ಹುಕ್ಕು ಹಾಕಿಸೋ ಮೊದಲು ಆರ್‌ಟಿಒದಲ್ಲಿ, ಇನ್ಶೂರೆನ್ಸ್‌ನವರಲ್ಲಿ ವಿಚಾರಿಸಿ. ಅಪಘಾತ ಆದ ಮೇಲೆ ಕ್ಲೇಮ್ ತಿರಸ್ಕರಿಸಿದ್ರೆ ತೋಟವೇ ಮಾರಬೇಕಾದೀತು.

ಭಾರದ ಹೆಚ್ಚು ಪಾಲು ಅಚ್ಚಿಗಿಂತ ಸ್ವಲ್ಪ ಮುಂದಕ್ಕೆ ಬರೋ ಹಾಗೆ ಹೇರಿ. ಎರಡು ಸರಪಳಿ ಅಡ್ಡಡ್ಡ ಕಟ್ಟಿ. ಇಳಿಜಾರು ಶುರುವಾಗೋ ಮೊದಲೇ ಕೆಳಗಿನ ಗೇರ್‌ಗೆ ಬನ್ನಿ. ಟ್ರೇಲರ್ ಓಲಾಡಿದ್ರೆ ಗಕ್ಕನೆ ಬ್ರೇಕ್ ಹಾಕಬೇಡಿ, ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ನೇರ ಹಿಡೀರಿ. ಟ್ರೇಲರ್ ಮೇಲೆ ಜನ ಕೂರಿಸಬೇಡಿ, ಒಂದು ಫರ್ಲಾಂಗ್ ದೂರಕ್ಕೂ ಬೇಡ.

ಈ ವಾರ ಒಂದು ಕೆಲಸ ಮಾಡಿ. ಫೋನಿನ ನೋಟ್ಸ್‌ನಲ್ಲಿ ಕಳೆದ ಒಂದು ವರ್ಷ ಏನೇನು ಸಾಗಿಸಿದ್ರಿ, ಎಷ್ಟು ಕೆಜಿ, ಎಷ್ಟು ದೂರ, ಎಷ್ಟು ಸಲ ಅಂತ ಬರೀರಿ. ಪಕ್ಕದಲ್ಲಿ ಬಾಡಿಗೆ ಲೆಕ್ಕ ಹಾಕಿ. ಆ ಪಟ್ಟಿ ಮನೆಯವರಿಗೂ ತೋರಿಸಿ. ಆಮೇಲೆ ಶೋರೂಮಿಗೆ ಹೋಗಿ.